ಯುವ ನಾಯಕನ ಮನೆ ಕಂದಾಯ

ಪಕ್ಕದ ಮನೆಯ ಚೆನ್ನವೀರಪ್ಪನಿಗೆ ಅರವತ್ತು ದಾಟಿತೆಂದು ಪುರಸಭೆಯವರು ಮನೆ ಕಂದಾಯದಲ್ಲಿ ರಿಯಾಯಿತಿ ಕೊಟ್ಟರು. ಅದನ್ನು ಕೇಳಿ ಯುವಕ ಸಂಘದ ಅಧ್ಯಕ್ಷ ಗುರುಬಸಪ್ಪನಿಗೆ ಹೊಟ್ಟೆ ಉರಿದುಹೋಯಿತು. ನೇರ ಪುರಸಭೆಗೆ ನುಗ್ಗಿ ಗುಮಾಸ್ತೆಯ ಮೇಜು ಗುದ್ದಿದ.

"ಅವನಿಗಿಂತ ನಾನು ಎರಡು ವರ್ಷ ದೊಡ್ಡೋನು. ನನಗೂ ಕೊಡ್ರೀ!"

"ಕೊಡೋಣ ಸರ್. ಅರ್ಜೀಲಿ ವಯಸ್ಸು ಬರೀರಿ. ರಿಯಾಯಿತಿ ಸಿಕ್ಕಿದವರ ಪಟ್ಟೀನ ವಯಸ್ಸಿನ ಸಮೇತ ಹೊರಗೆ ಅಂಟಿಸ್ತೀವಿ. ನಿಮ್ಮ ಹುಟ್ಟುಹಬ್ಬದ ಫ್ಲೆಕ್ಸ್ ಪಕ್ಕದಲ್ಲೇ ಜಾಗ ಇದೆ."

ಗುರುಬಸಪ್ಪ ಕಿಟಕಿಯಾಚೆ ನೋಡಿದ. ಫ್ಲೆಕ್ಸಿನಲ್ಲಿ 'ನಲವತ್ತೊಂಬತ್ತರ ಯುವ ನಾಯಕ' ಮೂರು ವರ್ಷದಿಂದ ಹಾಗೇ ನಗುತ್ತಿದ್ದ. ಎತ್ತಿದ ಪೆನ್ನು ಕೆಳಗಿಟ್ಟು, ಚೆನ್ನವೀರಪ್ಪನನ್ನು ನೆನೆದು ಹಲ್ಲು ಕಡಿಯುತ್ತಾ ಪೂರ್ತಿ ಕಂದಾಯ ಕಟ್ಟಿದ.

"ಮುಂದಿನ ವರ್ಷ ಬಂದು ನೋಡ್ಕೋತೀನಿ!"

"ಆಗಲೂ ನಿಮಗೆ ನಲವತ್ತೊಂಬತ್ತೇ ಅಲ್ವಾ ಸರ್?"