ಬಿಡದ ಪೈಪು

ಹೊಳೆದಂಡೆಯ ಆಶ್ರಮದಲ್ಲಿ ಒಂದು ಹಳೇ ಕಾರಿತ್ತು. ಅದರ ರೇಡಿಯೇಟರು ತೂತುಬಿದ್ದು, ಹಾಕಿದ ನೀರೆಲ್ಲ ಸೋರಿಹೋಗುತ್ತಿತ್ತು. ಹೊಸದನ್ನು ಕೂರಿಸಲು ಶಿಷ್ಯ ಚಿದಾನಂದ ಬೆಳಿಗ್ಗೆಯೇ ಕೈಹಚ್ಚಿದ್ದ.

ಸಂಜೆಯೊಳಗೆ ಕಾರು ಹೊರಡಲೇಬೇಕಿತ್ತು. ಅಡುಗೆಯ ಗೌರವ್ವನಿಗೆ ಮರುದಿನ ಹುಬ್ಬಳ್ಳಿಯಲ್ಲಿ ಕಣ್ಣಿನ ಆಪರೇಷನ್ನು. ಆ ತಾರೀಕಿಗಾಗಿ ಆಕೆ ಬಹಳ ಕಾದಿದ್ದಳು. ಈಚೆಗೆ ಅನ್ನ ಬೆಂದದ್ದನ್ನೂ ಬೆರಳಿನಿಂದ ಮುಟ್ಟಿಯೇ ತಿಳಿಯುತ್ತಿದ್ದಳು. ಚಿದಾನಂದ ಇಲ್ಲಿಗೆ ಬಂದಾಗಿನಿಂದ ಉಂಡದ್ದೆಲ್ಲ ಆ ಕೈಯ ಅನ್ನ.

ಹಳೇ ರೇಡಿಯೇಟರಿನ ಮೇಲಿನ ರಬ್ಬರ್ ಪೈಪು ಸಲೀಸಾಗಿ ಬಂತು. ಕೆಳಗಿನದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕ್ಲಿಪ್ಪು ಬಿಚ್ಚಿದ, ಜಗ್ಗಿದ, ಬಾಯಿಗೆ ಬಂದಂತೆ ಬೈದ. ಕೊನೆಗೆ ಕುಡುಗೋಲು ತಂದ.

ಗುರುಗಳು ಜಗಲಿಯಿಂದ ಇಳಿದು ಬಂದರು. ಅವರನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

"ಏನಾತಪಾ?"

"ಈ ಪೈಪ ಬಿಡವಲ್ದ್ರಿ ಅಜ್ಜಾರ. ಕೊಯ್ದ ಒಗೀತೀನಿ. ಹೆಂಗೂ ಹೊಸಾದೈತಿ."

"ಇಷ್ಟ ವರ್ಷ ಅದಕ್ಕ ನಾವು ಏನಂತ ಹೇಳಿದ್ವಿ?"

ಚಿದಾನಂದ ತಲೆ ಕೆರೆದುಕೊಂಡ. "ಗಟ್ಟಿ ಹಿಡ್ಕೋ, ಬಿಡಬ್ಯಾಡ ಅಂತ್ರಿ."

"ಮತ್ತ ಅದರದೇನ ತಪ್ಪು?"

ಅಜ್ಜಾರು ಬಿಸಿನೀರು ಕೇಳಿದರು. ಗೌರವ್ವ ಗೋಡೆ ಹಿಡಿದು ಬಂದು ಚರಿಗೆ ಕೊಟ್ಟಳು. ನೀರನ್ನು ಪೈಪಿನ ಬಾಯಿಯ ಮೇಲೆ ನಿಧಾನವಾಗಿ ಸುರಿದ ಅಜ್ಜಾರು, ಅದಕ್ಕೆ ಕೈಮುಗಿದರು.

"ಭಾಳ ದುಡಿದಿ. ನಿನ್ನಿಂದ ಉಪಕಾರ ಆತು."

ಚಿದಾನಂದನಿಗೆ ನಗು ತಡೆಯುವುದೇ ಕಷ್ಟವಾಯಿತು.

"ಜಗ್ಗಬ್ಯಾಡ. ಮೆಲ್ಲಕ ತಿರುವು," ಎಂದರು ಅಜ್ಜಾರು.

ತಿರುವಿದ. ಪೈಪು ಒಂದು ಗೀರೂ ಇಲ್ಲದೆ ಇಡಿಯಾಗಿ ಕೈಗೆ ಬಂತು. ಅದನ್ನು ಮಣ್ಣಿಗೆ ಬಿಸಾಕಿ ಹೊಸ ರೇಡಿಯೇಟರು ಕೂರಿಸಿದ.

ಆಮೇಲೆ ಶುರುವಾಯಿತು ಫಜೀತಿ. ಕೆಳಗಿನ ಹೊಸ ಪೈಪಿನ ಬಾಯಿ ಸಣ್ಣದು. ಸೋಪು ಹಚ್ಚಿದರೂ ಏರಲಿಲ್ಲ. ಅಂಗಡಿಯಲ್ಲಿ ಬೇರೆ ಯಾವುದೋ ಕಾರಿನದನ್ನು ಕಟ್ಟಿಕೊಟ್ಟಿದ್ದರು. ಪೇಟೆಗೆ ಹೋಗಿಬರುವಷ್ಟು ಹೊತ್ತಿರಲಿಲ್ಲ.

ಗೌರವ್ವ ಗಂಟು ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. "ಇರಲಿ ಬಿಡೋ ತಮ್ಮಾ, ಮುಂದಿನ ವರ್ಷ ನೋಡೋಣು," ಎಂದಳು.

ಆ ಮಾತಿಗೆ ಚಿದಾನಂದ ತಲೆ ತಗ್ಗಿಸಿದ. ಕಾಲಬುಡದಲ್ಲಿ ಹಳೇ ಪೈಪು. ಎತ್ತಿಕೊಂಡು ತೊಳೆದ. ಎಲ್ಲಿ ಬಗ್ಗಿಸಿ ನೋಡಿದರೂ ಬಿರುಕಿಲ್ಲ. ಹೊಸ ರೇಡಿಯೇಟರಿನ ಬಾಯಿಗೆ ಹಿಡಿದ. ತನ್ನ ಮನೆಗೇ ಬಂದಂತೆ ಹೋಗಿ ಕೂತಿತು.

ನೀರು ತುಂಬಿದ. ಎಂಜಿನ್ನು ಚಾಲೂ ಮಾಡಿ ಬಿಸಿಯಾಗುವವರೆಗೆ ನೋಡಿದ. ಒಂದು ಹನಿಯೂ ಸೋರಲಿಲ್ಲ.

ಈ ಸಲ ಚಿದಾನಂದನೇ ಬಗ್ಗಿ ಆ ಪೈಪಿಗೆ ಕೈಮುಗಿದ. ನಗು ಬರಲಿಲ್ಲ, ಕಣ್ಣು ತುಂಬಿ ಬಂತು. ಗೌರವ್ವನ ಕೈಹಿಡಿದು ಕಾರಿನಲ್ಲಿ ಕೂರಿಸಿ, ಅಜ್ಜಾರ ಕಾಲಿಗೆ ಬಿದ್ದ.

"ಅಜ್ಜಾರ, ಹೊಸಾದು ಹತ್ತೂದಿಲ್ಲಂತ ನಿಮಗ ಮದಲ ಗೊತ್ತಿತ್ತೇನ್ರಿ?"

"ನನಗೇನ ಗೊತ್ತಪಾ? ದುಡಿದವರನ್ನ ಕಳಸೂವಾಗ ಕೈಮುಗದ ಕಳಸಬೇಕಂತ ಮುಗದೆ. ಅದು ಹೋಗಲಿಲ್ಲ."