ಕಾಳಪ್ಪನೂ ರಾಜ್ಯಪಾಲರ ಕಂಚಿನ ಮೂರ್ತಿಯೂ

ಹೂಂಗುಟ್ಟುವವರಿದ್ದರೆ ಹೇಳುತ್ತೇನೆ, ಆಕಳಿಸುವವರು ಈಗಲೇ ಎದ್ದು ಹೋಗಿ. ಒಂದೂರಲ್ಲಿ ಕಂಚಿನ ಎರಕ ಹೊಯ್ಯುವ ಮೋನವ್ವ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಕಾಳಪ್ಪ. ಮೈಯಲ್ಲಿ ಕೋಣನ ಬಲ, ತಲೆ ಮಾತ್ರ ಖಾಲಿ. ಹೇಳಿದ್ದನ್ನು ಹೇಳಿದಂತೆಯೇ ಮಾಡುವವನು, ಪಾಪ. "ನಾ ಸತ್ತ ಮ್ಯಾಲ ಇವನ ಗತಿ ಏನು?" ಅಂತ ಮೋನವ್ವನಿಗೆ ತುತ್ತು ಇಳಿಯುತ್ತಿರಲಿಲ್ಲ.

ಅಂಥದ್ದರಲ್ಲಿ ಗ್ರಂಥಾಲಯದವರು ಬಂದು, ಆ ಊರಲ್ಲೇ ಹುಟ್ಟಿದ ಮಾಜಿ ರಾಜ್ಯಪಾಲರ ಎದೆಮಟ್ಟದ ಮೂರ್ತಿ ಮಾಡಿಕೊಡು ಅಂದರು. ಆ ರಾಜ್ಯಪಾಲ ಸಾಹೇಬರೇ ನೋಡಿ ಒಪ್ಪಿದರೆ ಮುಂದೆಯೂ ಕೆಲಸ ಸಿಕ್ಕೀತು. ಒಪ್ಪದಿದ್ದರೆ ಕುಲುಮೆ ಮುಚ್ಚಿದಂತೆಯೇ, ಮಗನಿಗೆ ಬೇರೆ ಕಸುಬೂ ಬಾರದು.

ಮೋನವ್ವ ಮೇಣದಲ್ಲಿ ಮೂರ್ತಿ ತಿದ್ದಿದಳು. "ಸಾಹೇಬರಿಗೆ ತೋರಿಸ್ಕೊಂಡು ಬಾ. ಬೀಳಿಸಬ್ಯಾಡ, ತಲಿ ಮ್ಯಾಲ ಹೊತ್ಕೋ!"

ಹೊತ್ತ. ನಡುಮಧ್ಯಾಹ್ನದ ಬಿಸಿಲಲ್ಲಿ ಹೊತ್ತ. ಬಂಗಲೆ ಮುಟ್ಟುವಷ್ಟರಲ್ಲಿ ರಾಜ್ಯಪಾಲರ ಮೂಗು ಕಾಳಪ್ಪನ ಕಿವಿಗೆ ಇಳಿದಿತ್ತು.

ತಿರುಗಿ ಬಂದವನನ್ನು ನೋಡಿ ಮೋನವ್ವ ಕೂಗಿದಳು: "ಅಯ್ಯೋ ಪೆದ್ದ! ಬಿಸಿಲಿತ್ತು ಅಂದ್ರ ನೀರು ಸುರೀಬೇಕಿಲ್ಲೇನೋ, ನೀರು!"

"ಆತು ಬಿಡವ್ವಾ, ಇನ್ನ ಮ್ಯಾಲ ನೀರು!"

ಮತ್ತೆ ಮೇಣ, ಮತ್ತೆ ಮೂಗು. ಈ ಸಲ ಮೇಣದ ಮೇಲೆ ಮಣ್ಣು ಬಳಿದು ಅಚ್ಚು ಮಾಡಿ, ಅಂಗಳದಲ್ಲಿ ಒಣಗಲು ಬಿಟ್ಟು, ಇದ್ದಿಲು ತರಲು ಹೋದಳು. ಬಂದು ನೋಡಿದರೆ ಅಚ್ಚಿಲ್ಲ, ಕೆಸರಿದೆ. ಪಕ್ಕದಲ್ಲಿ ಏಳು ಖಾಲಿ ಕೊಡ.

"ಬಿಸಿಲಿತ್ತಲ್ಲವ್ವಾ, ಸುರಿದೆ!"

ಮೋನವ್ವ ಎದೆ ಎದೆ ಬಡಿದುಕೊಂಡಳು. ಸಾಹೇಬರು ಮೂರ್ತಿ ನೋಡಲು ಬರುವುದಕ್ಕೆ ಉಳಿದದ್ದು ಎಂಟೇ ದಿನ. "ಅಚ್ಚು ನೀರಿಗಲ್ಲೋ, ಗುಂಡಿಗೆ! ಗುಂಡ್ಯಾಗ ಇಳಿಸಬೇಕು, ಕುತ್ತಿಗಿಮಟ ಉಸುಕು ತುಂಬಬೇಕು, ಅಲುಗಾಡದಂಗ ತುಳೀಬೇಕು. ಆಮ್ಯಾಲ ಕಂಚು ಹೊಯ್ಯಬೇಕು. ತಿಳೀತೇನು?"

"ತಿಳೀತವ್ವಾ! ಗುಂಡಿ, ಉಸುಕು, ತುಳಿ, ಕಂಚು!"

ಮೂರನೆಯ ಸಲ ಅವಳು ಅವನಿಗೆ ಏನನ್ನೂ ಮುಟ್ಟಗೊಡಲಿಲ್ಲ. ತಾನೇ ಇಳಿಸಿದಳು, ತಾನೇ ತುಳಿದಳು, ತಾನೇ ಹೊಯ್ದಳು. ದೇವರ ದಯೆ, ಮೂರ್ತಿ ಚೆನ್ನಾಗಿಯೇ ಬಂತು. ಇನ್ನು ಹೆಸರಿನ ಫಲಕವೊಂದು ಬಾಕಿ. ಅದಕ್ಕೆಂದು ಕುಲುಮೆಯಲ್ಲಿ ಕಂಚು ಕರಗಿಸುತ್ತಿದ್ದಾಗ ಸಾಹೇಬರು ಒಂದು ದಿನ ಮೊದಲೇ, ಒಬ್ಬರೇ ಬಂದುಬಿಟ್ಟರು!

"ಹತ್ತೇ ನಿಮಿಷ ಐತವ್ವಾ, ಲಗೂನ ತೋರಿಸು," ಅಂದರು. ಕೂತರು, ಎದ್ದರು, ಮತ್ತೆ ಕೂತರು.

ಮೋನವ್ವ ಮೂರ್ತಿ ತರಲು ಹೊರಟವಳು ತಿರುಗಿ ನೋಡಿದಳು. ಸಿಟ್ಟಾಗಿ ಎದ್ದು ಹೋದರೆ? ಮಗನ ಕಿವಿಯಲ್ಲಿ ಹೇಳಿದಳು: "ಮೂರ್ತಿ ಒರೆಸಿ ತರತೀನಿ. ನಾ ಬರೂತನಕ ಸಾಹೇಬರು ಅಲುಗಾಡಬಾರದು, ನೋಡ್ಕೋ!"

"ಅಲುಗಾಡೂದಿಲ್ಲವ್ವಾ!"

ಒಳಗೆ ಒರೆಸಿದಳು, ನೋಡಿದಳು, ಮತ್ತೆ ಒರೆಸಿದಳು. ಮೂಗು ಸರಿ ಐತೇನು? ಕಿವಿ ದೊಡ್ಡದಾತೇನು? ಒಪ್ಪತಾರೋ ಇಲ್ಲೋ? ಹೊರಗಿನಿಂದ ದಬ್ ದಬ್ ಅಂತ ಏನೋ ಸದ್ದು ಕೇಳಿತು, ತನ್ನ ಎದೆಯೇ ಅಂದುಕೊಂಡಳು.

ಮೂರ್ತಿ ಎತ್ತಿಕೊಂಡು ಹೊರಗೆ ಬಂದರೆ ಕುರ್ಚಿ ಖಾಲಿ. ಗುಂಡಿಯ ತುಂಬ ಉಸುಕು, ಉಸುಕಿನ ಮೇಲೆ ರಾಜ್ಯಪಾಲರ ತಲೆಯೊಂದೇ. ಬಾಯಿ ತೆರೆದಿದೆ, ದನಿ ಬರುತ್ತಿಲ್ಲ. ಕುಲುಮೆಯ ಹತ್ತಿರ ಕಾಳಪ್ಪ ಇಕ್ಕಳದಲ್ಲಿ ಕರಗಿದ ಕಂಚು ತುಂಬಿದ, ಕೆಂಪಗೆ ಕಾದ ಮೂಸೆ ಹಿಡಿದು ನಿಂತಿದ್ದಾನೆ.

"ಒಂಚೂರೂ ಅಲುಗಾಡವಲ್ಲರು ನೋಡವ್ವಾ! ಈಗ ಕಂಚು ಹೊಯ್ಯಲೇನು?"