ಹುಲ್ಲು ತುಂಬಿದ ಕರು

ಲೋಕ ಇನ್ನೂ ಹೊಸದಾಗಿತ್ತು. ಬೆಟ್ಟಗಳ ಮೈ ಹಸಿ ಕೂಡ ಆರಿರಲಿಲ್ಲ. ಆಗ ಎಮ್ಮೆ ತಾನಾಗಿಯೇ ಮನೆ ಬಾಗಿಲಿಗೆ ಬಂದು, "ಅಕ್ಕಾ, ಚೆಂಬು ಹಿಡಿ" ಎನ್ನುತ್ತಿತ್ತು.

ಕೆಂಚವ್ವನ ಮನೆಯಲ್ಲಿ ಎಳೆಗೂಸಿತ್ತು. ಅವಳ ಎದೆಹಾಲು ಬತ್ತಿತ್ತು. ಎಮ್ಮೆಯ ಹಾಲೇ ಆ ಕೂಸಿನ ಜೀವ. ಹೀಗಿರುವಾಗ, ಎಮ್ಮೆ ಮೇಯಲು ಹೋದ ಹೊತ್ತಿನಲ್ಲಿ ಅದರ ಕರು ಹಾವು ಕಚ್ಚಿ ಸತ್ತುಹೋಯಿತು.

ಕೆಂಚವ್ವ ಹೆದರಿದಳು. ಕರು ಇಲ್ಲವೆಂದರೆ ಹಾಲೂ ಇಲ್ಲ ಎಂದುಕೊಂಡಳು. ಕರುವಿನ ತೊಗಲಿಗೆ ಹುಲ್ಲು ತುಂಬಿ, ಹೊಲಿದು, ಗೂಟದ ಪಕ್ಕ ನಿಲ್ಲಿಸಿದಳು.

"ಕೆಂಚವ್ವಾ, ಇದ್ದದ್ದು ಇದ್ದಂಗ ಹೇಳಿಬಿಡು," ಎಂದಿತು ಗಾಳಿ.

"ನಿನಗೇನು, ಮಕ್ಕಳೋ ಮರಿಯೋ? ನಿನ್ನ ಪಾಡಿಗೆ ನೀ ಬೀಸು," ಎಂದಳು ಕೆಂಚವ್ವ.

ಎಮ್ಮೆ ಬಂತು, ಮಗನನ್ನು ನೆಕ್ಕಿತು, ಹಾಲು ಕೊಟ್ಟಿತು. ಆಮೇಲೆ ಶುರುವಾಯಿತು ನೋಡು.

"ಅಕ್ಕಾ, ನನ್ನ ಮಗ ಯಾಕ ಹಾಲು ಕುಡಿಯವಲ್ಲ?"

"ನೆಗಡಿ ಆಗೈತಿ."

"ಯಾಕ ಮಲಗವಲ್ಲ?"

"ನಿನ್ನ ದಾರಿ ಕಾಯ್ತಾನ."

"ಸಗಣಿನೂ ಹಾಕವಲ್ಲ?"

"ಏನವ್ವಾ, ನಿನ್ನ ಮಗನ ಸಗಣಿ ಕಾಯೋದೂ ನನ್ನ ಹಣೇಬರಾನ?"

ಕೆಂಚವ್ವನಿಗೆ ತಲೆ ಚಿಟ್ಟು ಹಿಡಿಯಿತು. ಒಂದು ಸುಳ್ಳಿಗೆ ತೇಪೆ ಹಾಕಲು ಇನ್ನೊಂದು, ಅದಕ್ಕೆ ಮತ್ತೊಂದು. ಎಮ್ಮೆ ಎಲ್ಲವನ್ನೂ ನಂಬುತ್ತಿತ್ತು. ಅದೇ ಅವಳಿಗೆ ಹೆಚ್ಚು ಸಿಟ್ಟು ತರಿಸುತ್ತಿತ್ತು.

ಮಗನ ನೆಗಡಿ ಬಿಡಲೆಂದು ಎಮ್ಮೆ ಇನ್ನೂ ಜೋರಾಗಿ ನೆಕ್ಕಿತು. ಹೊಲಿಗೆ ಬಿಚ್ಚಿತು. ಹೊಟ್ಟೆಯಿಂದ ಹುಲ್ಲು ಹೊರಬಂತು.

ಎಮ್ಮೆ ಆ ಹುಲ್ಲನ್ನು ಮೂಸಿ ಹಿಂದೆ ಸರಿಯಿತು. ಕೆಂಚವ್ವ ಚೆಂಬು ಹಿಡಿದು ಕೂತರೆ ಒಂದು ಹನಿಯೂ ಇಳಿಯಲಿಲ್ಲ. ಒಳಗೆ ಕೂಸು ಅಳುತ್ತಿತ್ತು.

"ನೀ ಹಾಲು ಬಿಡೂದಿಲ್ಲಂತ ಹೆದರಿ ಹಿಂಗ ಮಾಡಿದೆ, ತಂಗಿ," ಎಂದಳು.

"ಎಂಥಾ ಹುಚ್ಚಿ ಅಕ್ಕಾ ನೀನು," ಎಂದಿತು ಎಮ್ಮೆ. "ನನ್ನ ಕೆಚ್ಚಲು ತುಂಬಿತ್ತು, ಕುಡಿಯಾಕ ಮಗ ಇರಲಿಲ್ಲ. ನಿನ್ನ ಕೂಸು ಹಸಿದಿತ್ತು, ಕೊಡಾಕ ನಿನ್ನ ಹತ್ರ ಹಾಲಿರಲಿಲ್ಲ. ಮಗ ಸತ್ತಾನಂತ ಹೇಳಿದ್ರ ಇಬ್ಬರೂ ಕೂಡಿ ಅಳ್ತಿದ್ವಿ. ಆಮ್ಯಾಲೆ ನಾನೇ ಬಂದು ನಿಂತು ಕೊಡ್ತಿದ್ದೆ."

ಕೆಂಚವ್ವನಿಗೆ ನಾಚಿಕೆಯಾಯಿತು. ಒಳಗೆ ಹೋಗಿ, ಕೂಸನ್ನು ತಂದು ಎಮ್ಮೆಯ ಮುಂದೆ ಹಿಡಿದಳು. ಎಮ್ಮೆ ಅದರ ತಲೆ ಮೂಸಿತು, ಅಂಗಾಲು ಮೂಸಿತು. ಬೆಚ್ಚಗಿತ್ತು. ಆಗ ಹಾಲು ಇಳಿಯಿತು.

"ಕೂಸಿಗೆ ಕೊಡ್ತೀನಿ," ಎಂದಿತು. "ನಿನ್ನ ಮಾತು ಮಾತ್ರ ಇನ್ನ ನಂಬೂದಿಲ್ಲ."

ಅದಕ್ಕೇ ಮಗು, ಇವತ್ತಿಗೂ ನಾವು ತಿನ್ನಲು ಹಿಂಡಿ ಇಟ್ಟು, ಬೆನ್ನು ಸವರಿ, "ಬಿಡವ್ವಾ" ಎಂದು ಎಷ್ಟು ಗೋಗರೆದರೂ ಎಮ್ಮೆ ಹಾಲು ಏರಿಸಿಕೊಂಡು ನಿಲ್ಲುತ್ತದೆ. ಕತ್ತು ತಿರುಗಿಸಿ, ಕರುವನ್ನು ಮೂಸಿ, ಜೀವ ಇದೆಯೆಂದು ತಾನೇ ತಿಳಿದುಕೊಂಡ ಮೇಲೆಯೇ ಕೆಚ್ಚಲು ಸಡಿಲಿಸುತ್ತದೆ.